ಹೊರಗಿನವರ ಮುಂದೆ ಸರಿಯಾಗಿಯೇ ಇರುತ್ತಾರೆ

ತಲೆಗೆ ಪೆಟ್ಟು ಬಿದ್ದು ಕೆಲವು ತಿಂಗಳಾದ ಮೇಲೆ ನನ್ನ ಬಳಿ ಸಮಾಲೋಚನೆಗೆ ಬರುವ ದಂಪತಿಗಳಲ್ಲಿ ಒಂದೇ ಬಗೆಯ ಮನಸ್ತಾಪವನ್ನು ಮತ್ತೆ ಮತ್ತೆ ಕಾಣುತ್ತಿರುವುದರಿಂದ, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ದಾಖಲಿಸುತ್ತಿದ್ದೇನೆ.

ಲೆಕ್ಕಪತ್ರದ ಕೆಲಸದಲ್ಲಿದ್ದ ಗೃಹಸ್ಥರೊಬ್ಬರು ಮೆಟ್ಟಿಲಿನಿಂದ ಜಾರಿ ಬಿದ್ದು ಕೆಲವು ನಿಮಿಷ ಎಚ್ಚರ ತಪ್ಪಿದ್ದರು. ಸಿ.ಟಿ. ಸ್ಕ್ಯಾನ್‌ನಲ್ಲಿ ಏನೂ ಕಾಣಲಿಲ್ಲ. ವರದಿಯಲ್ಲಿ ‘ಸೌಮ್ಯ’ ಎಂದಿತ್ತು. ಎಚ್ಚರದ ಮಟ್ಟವನ್ನು ಅಳೆಯುವ ಗ್ಲಾಸ್ಗೋ ಮಾಪನದಲ್ಲಿ (ಗರಿಷ್ಠ 15) 13ರಿಂದ 15 ಅಂಕವಿದ್ದು, 30 ನಿಮಿಷದೊಳಗೆ ಎಚ್ಚರ ಬಂದರೆ ವೈದ್ಯರು ಹಾಗೆ ಬರೆಯುತ್ತಾರೆ. ಅದು ಪೆಟ್ಟು ಬಿದ್ದ ಹೊತ್ತಿನ ಸ್ಥಿತಿಯ ಅಳತೆಯೇ ಹೊರತು ಮುಂದಿನ ತಿಂಗಳುಗಳ ಭರವಸೆಯಲ್ಲ. ಬಹುಪಾಲು ಜನ ಮೂರು ತಿಂಗಳೊಳಗೆ ಚೇತರಿಸಿಕೊಳ್ಳುತ್ತಾರೆ. ಇವರಿಗೆ ಐದು ತಿಂಗಳಾದರೂ ತಲೆನೋವು, ಮರೆವು, ಸಿಡುಕು ಬಿಟ್ಟಿರಲಿಲ್ಲ.

ಮೂರನೆಯ ಭೇಟಿಯಲ್ಲಿ ಅವರ ಪತ್ನಿ, “ಆಫೀಸಿನಲ್ಲಿ, ನೆಂಟರ ಮುಂದೆ ಸರಿಯಾಗಿಯೇ ಇರುತ್ತಾರೆ. ಮನೆಗೆ ಬಂದರೆ ಮಾತ್ರ ಹೀಗೆ. ಇದು ಕಾಯಿಲೆಯೋ, ನಮ್ಮ ಮೇಲಿನ ತಾತ್ಸಾರವೋ?” ಎಂದು ಕೇಳಿದರು. ಆತ ಉತ್ತರಿಸಲು ಹೊರಟು, ಪದ ಸಿಗದೆ ತಡವರಿಸಿ, ಕಣ್ಣುಗಳನ್ನು ಒತ್ತಿಕೊಂಡರು. ಮೊದಲ ಇಪ್ಪತ್ತು ನಿಮಿಷ ಸರಾಗವಾಗಿ ಮಾತನಾಡಿದ್ದ ಅದೇ ವ್ಯಕ್ತಿ, ನಾವಿಬ್ಬರೂ ಒಟ್ಟಿಗೆ ಮಾತನಾಡತೊಡಗಿದಾಗ “ಒಬ್ಬೊಬ್ಬರಾಗಿ ಮಾತಾಡಿ!” ಎಂದು ಗದರಿದರು. ಕೋಣೆ ಸ್ತಬ್ಧವಾಯಿತು. ಸ್ವಲ್ಪ ಹೊತ್ತಿನ ನಂತರ ಅವರು, “ಹೊರಗೆ ಸರಿಯಾಗಿ ಕಾಣಿಸಿಕೊಳ್ಳುವುದರಲ್ಲೇ ನನ್ನ ಶಕ್ತಿಯೆಲ್ಲ ಮುಗಿದುಹೋಗುತ್ತದೆ, ಮನೆಯಲ್ಲಿ ನಟಿಸಲು ಆಗುವುದಿಲ್ಲ” ಎಂದರು. ಪತ್ನಿ ಈ ಮಾತನ್ನು ಕೇಳಿದ್ದು ಅದೇ ಮೊದಲು.

ವೈದ್ಯರ ಒಪ್ಪಿಗೆ ಪಡೆದು, ಕೆಲವು ವಾರ ಅರ್ಧ ದಿನ ಮಾತ್ರ ಕೆಲಸ ಮಾಡಬೇಕು, ದಣಿವಾದ ಮೇಲಲ್ಲ, ದಣಿಯುವ ಮುನ್ನವೇ ವಿರಮಿಸಬೇಕು, ಮನೆಗೆ ಬಂದೊಡನೆ ಒಂದು ಗಂಟೆ ಯಾರೂ ಮಾತಿಗೆಳೆಯಬಾರದು ಎಂದು ಸೂಚಿಸಿದೆ. ಪೂರ್ಣ ವಿಶ್ರಾಂತಿಯನ್ನು ಹೇಳಲಿಲ್ಲ. ಮೊದಲ ಒಂದೆರಡು ದಿನಗಳ ನಂತರವೂ ಹಾಸಿಗೆ ಹಿಡಿದಿದ್ದರೆ ಚೇತರಿಕೆ ತಡವಾಗುತ್ತದೆಯೇ ಹೊರತು ಬೇಗವಾಗುವುದಿಲ್ಲ.

ಸಿಡುಕಿಗೆ ನಾನು ಪರವಾನಗಿ ಕೊಟ್ಟೆನೆಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ನಾನು ಒಪ್ಪುವುದಿಲ್ಲ. ದಣಿವು ಗಾಯದ್ದಾದರೂ, “ನನಗೆ ಸಾಕಾಯಿತು” ಎಂದು ಮೊದಲೇ ಹೇಳಿ ಎದ್ದುಹೋಗುವ ಹೊಣೆ ಅವರದೇ ಎಂದು ಅದೇ ದಿನ ಸ್ಪಷ್ಟಪಡಿಸಿದ್ದೆ.

ಹೊರಡುವಾಗ ಪತ್ನಿ, “ಅರ್ಥವಾಯಿತು, ಆದರೂ ನನ್ನ ಸಿಟ್ಟು ಇಳಿದಿಲ್ಲ” ಎಂದರು. ಮುಂದಿನ ಭೇಟಿಯನ್ನು ಅವರೊಬ್ಬರಿಗಾಗಿಯೇ ನಿಗದಿಪಡಿಸಿದೆ.