ಹಾಲ್ ಆಫ್ ಫೇಮ್ ಕಾಣದ ಬಾಕ್ಸರ್‌ಗಳು: ಓದುಗರ ಪ್ರಶ್ನೆ, ನಮ್ಮ ಉತ್ತರ

(ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಆಯ್ದವು)

ಪ್ರಶ್ನೆ: ರಾಬರ್ಟ್‌ಸನ್‌ಪೇಟೆಯಲ್ಲಿ ನಮ್ಮದೊಂದು ಚಿಕ್ಕ ಬಾಕ್ಸಿಂಗ್ ಕ್ಲಬ್ ಇದೆ. ಹುಡುಗರು ಅಭ್ಯಾಸ ಮಾಡುವ ಹಾಲ್‌ನ ಒಂದು ಗೋಡೆಗೆ, ಹಾಲ್ ಆಫ್ ಫೇಮ್ (ಶ್ರೇಷ್ಠ ಬಾಕ್ಸರ್‌ಗಳ ಗೌರವ ಪಟ್ಟಿ) ಸೇರಬೇಕಾಗಿದ್ದರೂ ಸೇರದ ಹತ್ತು ಬಾಕ್ಸರ್‌ಗಳ ಫೋಟೊ ಹಾಕೋಣ ಅಂತಿದ್ದೇವೆ. ಸ್ಯಾಮ್ ಲ್ಯಾಂಗ್‌ಫರ್ಡ್, ಚಾರ್ಲಿ ಬರ್ಲಿ, ಆರ್ಚಿ ಮೂರ್, ಜಿಮ್ಮಿ ಯಂಗ್, ಬ್ಯಾಟ್ಲಿಂಗ್ ಸಿಕಿ, ಇಷ್ಟು ಹೆಸರು ಬರೆದುಕೊಂಡಿದ್ದೇವೆ. ಸರಿಯಿದೆಯೇ? ಇನ್ನು ಯಾರನ್ನು ಸೇರಿಸಬಹುದು?
ಓದುಗರು, ಕೆಜಿಎಫ್

ಉತ್ತರ: ಮೊದಲ ಮೂವರನ್ನು ತೆಗೆದುಬಿಡಿ. ಲ್ಯಾಂಗ್‌ಫರ್ಡ್ ಮತ್ತು ಆರ್ಚಿ ಮೂರ್ 1990ರ ಮೊದಲ ತಂಡದಲ್ಲೇ ಹಾಲ್ ಆಫ್ ಫೇಮ್ ಸೇರಿದವರು. ಬರ್ಲಿ ಸೇರಿದ್ದು 1992ರಲ್ಲಿ, ಅವರು ತೀರಿಕೊಂಡ ವರ್ಷ. ಈ ಗೊಂದಲ ಬಹಳ ಜನರಿಗಿದೆ. ಕಾರಣ ಇಷ್ಟೇ: ಲ್ಯಾಂಗ್‌ಫರ್ಡ್‌ಗೂ ಬರ್ಲಿಗೂ ವಿಶ್ವ ಪಟ್ಟ ಸಿಗಲೇ ಇಲ್ಲ. 1944ರಲ್ಲಿ ಆರ್ಚಿ ಮೂರ್ ಅವರನ್ನೇ ಪಾಯಿಂಟ್ಸ್ ಮೇಲೆ ಸೋಲಿಸಿದ ಬರ್ಲಿ ಕೊನೆಗೆ ಪಿಟ್ಸ್‌ಬರ್ಗ್ ನಗರದಲ್ಲಿ ಕಸ ಸಾಗಿಸುವ ಕೆಲಸಕ್ಕೆ ಸೇರಬೇಕಾಯಿತು. ಪಟ್ಟ ಕೈತಪ್ಪಿದ್ದೇ ಬೇರೆ, ಹಾಲ್ ಆಫ್ ಫೇಮ್ ಕೈತಪ್ಪಿದ್ದೇ ಬೇರೆ. ನಿಮ್ಮ ಗೋಡೆ ಎರಡನೆಯದಕ್ಕೆ ಮೀಸಲು ಅಂದಮೇಲೆ ಆ ಗಡಿಯನ್ನು ಬಿಗಿಯಾಗಿ ಹಿಡಿಯಿರಿ.

ಅಂತರರಾಷ್ಟ್ರೀಯ ಬಾಕ್ಸಿಂಗ್ ಹಾಲ್ ಆಫ್ ಫೇಮ್ ಇರುವುದು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಕ್ಯಾನಸ್ಟೋಟ ಎಂಬ ಸಣ್ಣ ಊರಲ್ಲಿ. ವಿಶ್ವ ಚಾಂಪಿಯನ್ ಆಗಿದ್ದ ಕಾರ್ಮೆನ್ ಬೆಸಿಲಿಯೊ ಮತ್ತು ಅವರ ಸೋದರಳಿಯ ಬಿಲ್ಲಿ ಬ್ಯಾಕಸ್ ಆ ಊರಿನವರು. ಅಮೆರಿಕದ ಬಾಕ್ಸಿಂಗ್ ಬರಹಗಾರರ ಸಂಘದ ಸದಸ್ಯರು ಮತ್ತು ಬೇರೆ ಬೇರೆ ದೇಶಗಳ ಬಾಕ್ಸಿಂಗ್ ಇತಿಹಾಸಕಾರರು ಮತ ಹಾಕುತ್ತಾರೆ. ನಿವೃತ್ತಿಯಾಗಿ ಮೂರು ವರ್ಷ ಕಳೆದಿರಬೇಕು. ಕೊನೆಯ ಪಂದ್ಯ 1989ರದ್ದೋ ಅದರ ನಂತರದ್ದೋ ಆದರೆ ‘ಆಧುನಿಕ’ ವಿಭಾಗ. ಪುರುಷರಲ್ಲಿ ಹೆಚ್ಚು ಮತ ಪಡೆದ ಮೂವರು ಪ್ರತಿ ವರ್ಷ ಒಳಗೆ ಹೋಗುತ್ತಾರೆ. ಕೊನೆಯ ಪಂದ್ಯ 1893ರಿಂದ 1988ರೊಳಗಿದ್ದರೆ ‘ಹಳಬರ’ ವಿಭಾಗ. ಅದರಲ್ಲೂ 1942ರವರೆಗಿನವರದು ಒಂದು ವರ್ಷ, 1943ರ ನಂತರದವರದು ಮರುವರ್ಷ. ಅಂದರೆ ಹಳಬರ ಹೆಸರು ಚರ್ಚೆಗೆ ಬರುವುದೇ ಎರಡು ವರ್ಷಕ್ಕೊಮ್ಮೆ. ಆಗಲೂ ಆಯ್ಕೆಯಾಗುವುದು ಒಂದೆರಡು ಹೆಸರು. ಸಾಲು ಉದ್ದ, ಬಾಗಿಲು ಕಿರಿದು. ಟಿವಿಯಲ್ಲಿ ನೋಡಿದವರು ಮತದಾರರ ನೆನಪಿಗೆ ಬೇಗ ಬರುತ್ತಾರೆ, ಬರೀ ಕಾಗದದ ದಾಖಲೆಯಲ್ಲಿ ಉಳಿದವರು ಹಿಂದೆ ಬೀಳುತ್ತಾರೆ.

ಈಗ ಹೆಸರುಗಳು. ಜಿಮ್ಮಿ ಯಂಗ್ ಇರಲಿ, ಪಟ್ಟಿಯ ತಲೆಯಲ್ಲೇ ಇರಲಿ (ಅವರ ಬಗ್ಗೆ ಮುಂದಿನ ಉತ್ತರ ನೋಡಿ).

ಸಿಕಿ ಕೂಡ ಇರಲಿ. ಸೆನೆಗಲ್‌ನ ಈ ಬಾಕ್ಸರ್ 1922ರ ಸೆಪ್ಟೆಂಬರ್ 24ರಂದು ಪ್ಯಾರಿಸ್‌ನಲ್ಲಿ ಜಾರ್ಜ್ ಕಾರ್ಪೆಂಟಿಯೇ ಅವರನ್ನು ಆರನೇ ರೌಂಡ್‌ನಲ್ಲಿ ಮಲಗಿಸಿದರು. ಕಾಲು ಅಡ್ಡ ಕೊಟ್ಟರೆಂದು ರೆಫರಿ ಮೊದಲು ಸಿಕಿಯನ್ನೇ ಅನರ್ಹಗೊಳಿಸಿದ್ದರು. ಜಡ್ಜ್‌ಗಳು ಆ ತೀರ್ಪನ್ನು ತಿರುಗಿಸಿ ಲೈಟ್ ಹೆವಿವೇಟ್ ಪಟ್ಟ ಅವರಿಗೇ ಕೊಟ್ಟರು. ಆಫ್ರಿಕಾದಲ್ಲಿ ಹುಟ್ಟಿದ ಕಪ್ಪು ಬಾಕ್ಸರ್ ಒಬ್ಬರು ವಿಶ್ವ ಚಾಂಪಿಯನ್ ಆದದ್ದು ಅದೇ ಮೊದಲು. ಆರು ತಿಂಗಳು ತುಂಬುವ ಮೊದಲೇ ಡಬ್ಲಿನ್‌ನಲ್ಲಿ ಮೈಕ್ ಮೆಕ್‌ಟೀಗ್‌ಗೆ ಪಟ್ಟ ಬಿಟ್ಟುಕೊಟ್ಟರು. ಬರೀ ದಾಖಲೆ ನೋಡಿದರೆ ಇವರ ವಾದ ತುಸು ದುರ್ಬಲ, ಚರಿತ್ರೆ ನೋಡಿದರೆ ಬಲವಾಗಿದೆ.

ನೈಜೀರಿಯಾದ ಹೋಗನ್ ‘ಕಿಡ್’ ಬ್ಯಾಸೆ ಅವರನ್ನು ಸೇರಿಸಿ. 1957ರ ಜೂನ್‌ನಲ್ಲಿ ಪ್ಯಾರಿಸ್‌ನಲ್ಲಿ ಶೆರೀಫ್ ಹಮಿಯಾ ವಿರುದ್ಧ ಗೆದ್ದು ಫೆದರ್‌ವೇಟ್ ಪಟ್ಟ ಪಡೆದರು, 1958ರಲ್ಲಿ ವಿಲ್ಲಿ ಪೆಪ್ ಅವರನ್ನು ಒಂಬತ್ತನೇ ರೌಂಡ್‌ನಲ್ಲಿ ನಿಲ್ಲಿಸಿದರು. ಪೆಪ್ ಆಗ ತಮ್ಮ ಉತ್ತುಂಗ ದಾಟಿದ್ದರು, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಥಾಯ್ಲೆಂಡ್‌ನ ಸೋಟ್ ಚಿಟಲಾಡ ಮುಯ್ ಥಾಯ್‌ನಿಂದ (ಕಾಲಿನಿಂದಲೂ ಹೊಡೆಯುವ ಥಾಯ್ ಬಾಕ್ಸಿಂಗ್) ಬಂದವರು. 1984ರಲ್ಲಿ ಗೇಬ್ರಿಯಲ್ ಬರ್ನಾಲ್ ವಿರುದ್ಧ ಫ್ಲೈವೇಟ್ ಪಟ್ಟ ಗೆದ್ದಾಗ ಅವರು ಆಡಿದ್ದ ವೃತ್ತಿಪರ ಬಾಕ್ಸಿಂಗ್ ಪಂದ್ಯಗಳು ಇನ್ನೂ ಎರಡಂಕಿ ಮುಟ್ಟಿರಲಿಲ್ಲ. 1988ರಲ್ಲಿ ಪಟ್ಟ ಕಳೆದುಕೊಂಡು 1989ರಲ್ಲಿ ಮತ್ತೆ ಗೆದ್ದರು. ಐದನೆಯವರು ಜಾಕ್ ಚೇಸ್. ಬರ್ಲಿಯ ಕಾಲದಲ್ಲಿ ಚಾಂಪಿಯನ್‌ಗಳು ಎದುರಿಸಲು ಹಿಂಜರಿದ ಕಪ್ಪು ಬಾಕ್ಸರ್‌ಗಳ ಗುಂಪೊಂದಿತ್ತು. ಹೋಲ್ಮನ್ ವಿಲಿಯಮ್ಸ್ 2008ರಲ್ಲಿ, ಲಾಯ್ಡ್ ಮಾರ್ಷಲ್ 2010ರಲ್ಲಿ, ಕೊಕೊ ಕಿಡ್ 2012ರಲ್ಲಿ, ಎಡ್ಡಿ ಬುಕರ್ 2017ರಲ್ಲಿ ಒಳಗೆ ಹೋದರು. 1943ರಲ್ಲಿ ಆರ್ಚಿ ಮೂರ್ ಅವರನ್ನು ಹದಿನೈದು ರೌಂಡ್‌ಗಳಲ್ಲಿ ಸೋಲಿಸಿದ ಚೇಸ್ ಹೊರಗೇ ಉಳಿದರು. ಉಳಿದ ಐದು ಜಾಗ ನಮ್ಮ ದೇಶದವರಿಗೆ ಬಿಡಿ, ಕೆಳಗೆ ಹೇಳಿದ್ದೇವೆ.

ಪ್ರಶ್ನೆ: ಜಿಮ್ಮಿ ಯಂಗ್ ದೊಡ್ಡ ಬಾಕ್ಸರ್ ಅಂತ ನಾನಂದರೆ, ನನ್ನ ಗೆಳೆಯ ಹದಿನೆಂಟು ಸೋಲು ತೋರಿಸಿ ಬಾಯಿ ಮುಚ್ಚಿಸುತ್ತಾನೆ. ಅವನಿಗೆ ಏನು ಹೇಳಲಿ?
ಓದುಗರು, ಚಿಂತಾಮಣಿ

ಉತ್ತರ: ಹದಿನೆಂಟು ಸೋಲು ನಿಜ. ಆದರೆ ಮೊತ್ತ ನೋಡಿ ಬಾಕ್ಸರ್‌ನನ್ನು ಅಳೆಯಬಾರದು. ಒಂದು ಹಾಳೆಯಲ್ಲಿ ಆರು ಕಾಲಂ ಹಾಕಿಕೊಳ್ಳಿ: ತಾರೀಖು, ಊರು, ಎದುರಾಳಿ, ಆ ದಿನ ಇಬ್ಬರ ತೂಕ, ಆ ದಿನದವರೆಗೆ ಎದುರಾಳಿಯ ಗೆಲುವು-ಸೋಲು, ಫಲಿತಾಂಶ. ನಾಲ್ಕು ಮತ್ತು ಐದನೇ ಕಾಲಂ ತುಂಬಲು ಸಮಯ ಹಿಡಿಯುತ್ತದೆ, ಆದರೆ ಸತ್ಯ ಅಲ್ಲೇ ಇರುತ್ತದೆ. ಆಮೇಲೆ ಸಾಲುಗಳನ್ನು ಮೂರು ಭಾಗ ಮಾಡಿ: ಕಲಿಯುವ ಕಾಲ, ಉತ್ತುಂಗ, ಇಳಿಗಾಲ. ಹಾಲ್ ಆಫ್ ಫೇಮ್ ವಾದ ನಿಲ್ಲಬೇಕಾದದ್ದು ನಡುವಿನ ಭಾಗದ ಮೇಲೆ.

ಅಮೆರಿಕದ ಹೆವಿವೇಟ್ ಬಾಕ್ಸರ್ ಯಂಗ್ ಅವರ ಹಾಳೆ ಹೀಗಿರುತ್ತದೆ. 1973ರಲ್ಲಿ, ಇನ್ನೂ ಎಳಸಾಗಿದ್ದಾಗಲೇ, ಅರ್ನಿ ಶೇವರ್ಸ್ ಅವರಂಥ ಭಾರೀ ಹೊಡೆತಗಾರನ ಮುಂದೆ ನಿಲ್ಲಿಸಿದರು, ಮೂರನೇ ರೌಂಡ್‌ನಲ್ಲಿ ಸೋತರು. ಮರುವರ್ಷ ಅದೇ ಶೇವರ್ಸ್ ಜೊತೆ ಡ್ರಾ. ರಾನ್ ಲೈಲ್ ಅವರನ್ನು ಎರಡು ಸಲ ಸೋಲಿಸಿದರು. 1976ರ ಏಪ್ರಿಲ್ 30ರಂದು ಮುಹಮ್ಮದ್ ಅಲಿ ವಿರುದ್ಧ ಹದಿನೈದು ರೌಂಡ್ ಆಡಿ ಪಾಯಿಂಟ್ಸ್ ಮೇಲೆ ಸೋತರು. ಆ ತೀರ್ಪಿನ ವಾದ ಇವತ್ತಿಗೂ ಮುಗಿದಿಲ್ಲ. ಅಲ್ಲಿ ಯಂಗ್ ಅವರಿಂದಲೂ ಒಂದು ಎಡವಟ್ಟಾಯಿತು: ಹಗ್ಗದ ಹತ್ತಿರ ಸಿಕ್ಕಿಬಿದ್ದಾಗಲೆಲ್ಲ ತಲೆಯನ್ನು ರಿಂಗ್‌ನ ಹಗ್ಗದಿಂದಾಚೆ ಹಾಕಿ ಹೊಡೆತ ತಪ್ಪಿಸಿದರು. ಏಟು ತಪ್ಪಿತು ನಿಜ, ಆದರೆ ಚಾಂಪಿಯನ್‌ನ ಪಟ್ಟ ಕಿತ್ತುಕೊಳ್ಳಲು ಬಂದವನು ಓಡಿಹೋಗುತ್ತಿದ್ದಾನೆ ಎಂಬ ಅಭಿಪ್ರಾಯ ಜಡ್ಜ್‌ಗಳಿಗೆ ಬರಲು ಅಷ್ಟು ಸಾಕು.

1977ರ ಮಾರ್ಚ್ 17ರಂದು ಪೋರ್ಟೊ ರಿಕೊದ ಸ್ಯಾನ್ ವಾನ್‌ನಲ್ಲಿ ಮಾಜಿ ವಿಶ್ವ ಚಾಂಪಿಯನ್ ಜಾರ್ಜ್ ಫೋರ್‌ಮನ್ ಅವರನ್ನು ಹನ್ನೆರಡು ರೌಂಡ್‌ಗಳಲ್ಲಿ ಸೋಲಿಸಿದರು, ಕೊನೆಯ ರೌಂಡ್‌ನಲ್ಲಿ ನೆಲಕ್ಕೂ ಕೆಡವಿದರು. ಫೋರ್‌ಮನ್ ಆ ರಾತ್ರಿಯ ನಂತರ ಹತ್ತು ವರ್ಷ ರಿಂಗ್ ಹತ್ತಲಿಲ್ಲ. ಅದೇ ನವೆಂಬರ್ 5ರಂದು ಕೆನ್ ನಾರ್ಟನ್ ವಿರುದ್ಧ ಹದಿನೈದು ರೌಂಡ್. ಮೂವರು ಜಡ್ಜ್‌ಗಳಲ್ಲಿ ಇಬ್ಬರು ನಾರ್ಟನ್ ಕಡೆ, ಒಬ್ಬರು ಯಂಗ್ ಕಡೆ. ನಿಮ್ಮ ಗೆಳೆಯರಿಗೆ ತೋರಿಸಬೇಕಾದ ಸಾಲು ಇದೇ. 1978ರಲ್ಲಿ ಡಬ್ಲ್ಯುಬಿಸಿ (ವಿಶ್ವ ಬಾಕ್ಸಿಂಗ್ ಕೌನ್ಸಿಲ್) ಆಗಿನ ಚಾಂಪಿಯನ್ ಲಿಯಾನ್ ಸ್ಪಿಂಕ್ಸ್ ಅವರ ಮಾನ್ಯತೆ ತೆಗೆದು ನಾರ್ಟನ್ ಅವರನ್ನು ಚಾಂಪಿಯನ್ ಎಂದು ಘೋಷಿಸಿತು, ಆಧಾರ ಈ ಗೆಲುವೇ. ಒಬ್ಬ ಜಡ್ಜ್‌ನ ಅಂಕದ ಕಾರ್ಡ್ ಆಚೀಚೆ ಆಗಿದ್ದರೆ ವಿಶ್ವ ಚಾಂಪಿಯನ್ ಪಟ್ಟ ಯಂಗ್ ಹೆಸರಿಗೆ ಬರುತ್ತಿತ್ತು. ನಾರ್ಟನ್ ಇವತ್ತು ಹಾಲ್ ಆಫ್ ಫೇಮ್‌ನಲ್ಲಿದ್ದಾರೆ. ಯಂಗ್ ಸೋಲುಗಳಲ್ಲಿ ಬಹುಪಾಲು ಇದಾದ ಮೇಲಿನವು, ಮನಸ್ಸೂ ಮೈಯೂ ಸೋತ ಕಾಲದವು.

ಪಟ್ಟಗಳ ಎಣಿಕೆಯಲ್ಲೂ ಇಂಥದೇ ಮೋಸ ಇದೆ. ಹಿಂದೆ ಎಂಟೇ ತೂಕ, ತೂಕಕ್ಕೊಬ್ಬ ಚಾಂಪಿಯನ್. ಈಗ ಕನಿಷ್ಠ ಹದಿನೇಳು ತೂಕ, ನಾಲ್ಕು ದೊಡ್ಡ ಸಂಸ್ಥೆ: ಕನಿಷ್ಠ 68 ಬೆಲ್ಟ್. 1940ರ ದಶಕದಲ್ಲಿ ಮೂರನೇ ಸ್ಥಾನದಲ್ಲಿ ನಿಂತು ಅವಕಾಶಕ್ಕೆ ಕಾದವನನ್ನು ಇವತ್ತು ಎರಡು ಬೆಲ್ಟ್ ತೊಟ್ಟವನಿಗಿಂತ ಕೆಳಗಿಡುವುದು ನ್ಯಾಯವಲ್ಲ. 1920ಕ್ಕೆ ಮುಂಚಿನ ದಾಖಲೆಗಳಲ್ಲಿ ‘ತೀರ್ಪಿಲ್ಲ’ ಎಂಬ ಪಂದ್ಯಗಳು ಬಹಳ ಕಾಣುತ್ತವೆ. ಕೆಲವು ಅಮೆರಿಕನ್ ರಾಜ್ಯಗಳಲ್ಲಿ ಪಾಯಿಂಟ್ಸ್ ತೀರ್ಪಿಗೆ ಕಾನೂನೇ ಅಡ್ಡಿಯಿತ್ತು. ಯಾರು ಗೆದ್ದರೆಂದು ಮರುದಿನದ ಪತ್ರಿಕೆಗಳು ಬರೆಯುತ್ತಿದ್ದವು. ಅವನ್ನು ಡ್ರಾ ಎಂದು ಎಣಿಸಬೇಡಿ.

ಪ್ರಶ್ನೆ: ಮೇರಿ ಕೋಮ್ ಆರು ಸಲ ವಿಶ್ವ ಚಾಂಪಿಯನ್. ಕ್ಯಾನಸ್ಟೋಟದಲ್ಲಿ ಅವರ ಹೆಸರು ಯಾಕಿಲ್ಲ?
ವಿದ್ಯಾರ್ಥಿನಿ, ತುಮಕೂರು

ಉತ್ತರ: ಅಲ್ಲಿ ಬಾಕ್ಸರ್‌ಗಳನ್ನು ತೂಗುವುದು ವೃತ್ತಿಪರ ಪಂದ್ಯಗಳಿಂದ. ಮೇರಿ ಕೋಮ್ ಅಮೆಚೂರ್ (ವೃತ್ತಿಪರರಲ್ಲದ) ಬಾಕ್ಸರ್ ಆಗಿಯೇ ಆಡಿದವರು. ಕ್ಯೂಬಾದ ಟಿಯೊಫಿಲೊ ಸ್ಟೀವನ್ಸನ್ 1972, 1976, 1980ರಲ್ಲಿ, ಫೆಲಿಕ್ಸ್ ಸಾವೋನ್ 1992, 1996, 2000ದಲ್ಲಿ ಒಲಿಂಪಿಕ್ ಹೆವಿವೇಟ್ ಚಿನ್ನ ಗೆದ್ದರೂ ಅಲ್ಲಿಲ್ಲ. ಅವರ ದೇಶದಲ್ಲಿ ವೃತ್ತಿಪರ ಬಾಕ್ಸಿಂಗ್ ನಿಷೇಧವಾಗಿತ್ತು. ಮೂರು ಒಲಿಂಪಿಕ್ ಚಿನ್ನದ ಹಂಗೇರಿಯ ಲಾಸ್ಲೊ ಪಾಪ್ 2001ರಲ್ಲಿ ಸೇರಿದರು, ಯಾಕೆಂದರೆ ಅವರು 29 ವೃತ್ತಿಪರ ಪಂದ್ಯಗಳನ್ನೂ ಒಂದೂ ಸೋಲದೆ ಆಡಿದ್ದರು. ಮಹಿಳೆಯರಿಗೆ ಆ ಬಾಗಿಲು ತೆರೆದದ್ದೇ 2020ರ ತಂಡದಿಂದ. ನಮ್ಮ ಅಭಿಪ್ರಾಯದಲ್ಲಿ ಈ ನಿಯಮ ಬದಲಾಗಬೇಕು: ಬಾಕ್ಸಿಂಗ್ ಚರಿತ್ರೆಯ ಅರ್ಧ ಭಾಗ ಅಮೆಚೂರ್ ರಿಂಗ್‌ನಲ್ಲೇ ನಡೆದಿದೆ.

ಪ್ರಶ್ನೆ: ನಮ್ಮ ದೇಶದಲ್ಲಿ ಮರೆತುಹೋದ ಬಾಕ್ಸರ್‌ಗಳು ಯಾರು?
ಓದುಗರು, ಬಂಗಾರಪೇಟೆ

ಉತ್ತರ: ಮೊದಲು ಹವಾ ಸಿಂಗ್. ಸೇನೆಯ ಹೆವಿವೇಟ್ ಬಾಕ್ಸರ್. ಸತತ 11 ಬಾರಿ ರಾಷ್ಟ್ರೀಯ ಚಾಂಪಿಯನ್, 1966 ಮತ್ತು 1970ರ ಏಷ್ಯನ್ ಗೇಮ್ಸ್ ಎರಡರಲ್ಲೂ ಚಿನ್ನ. ಹರಿಯಾಣದ ಭಿವಾನಿ ಬಾಕ್ಸಿಂಗ್ ಊರಾಗಿ ಬೆಳೆದದ್ದರ ಹಿಂದೆ ಅವರ ತರಬೇತಿಯಿದೆ. ಅವರಿಗೂ ಮುಂಚಿನವರು ಪದಮ್ ಬಹಾದೂರ್ ಮಲ್ಲ, 1962ರ ಜಕಾರ್ತಾದಲ್ಲಿ ಲೈಟ್‌ವೇಟ್ ಚಿನ್ನ. ಏಷ್ಯನ್ ಗೇಮ್ಸ್ ಬಾಕ್ಸಿಂಗ್‌ನಲ್ಲಿ ಭಾರತಕ್ಕೆ ಮೊದಲ ಚಿನ್ನ ಅದು.

ಗುರುಚರಣ್ ಸಿಂಗ್ ಪ್ರಕರಣವನ್ನು ಕ್ಲಬ್ ಹುಡುಗರಿಗೆ ಬಿಡಿಸಿ ಹೇಳಬೇಕು. 2000ದ ಸಿಡ್ನಿ ಒಲಿಂಪಿಕ್ಸ್, 81 ಕೆಜಿ, ಕ್ವಾರ್ಟರ್ ಫೈನಲ್, ಉಕ್ರೇನ್‌ನ ಆಂಡ್ರಿ ಫೆಡ್‌ಚುಕ್ ವಿರುದ್ಧ. ಸೆಮಿಫೈನಲ್ ತಲುಪಿದರೆ ಸೋತರೂ ಕಂಚು ಖಚಿತ. ಕೊನೆಯ ಗಳಿಗೆವರೆಗೆ ಮುಂದಿದ್ದವರು 12-12ಕ್ಕೆ ಸಮವಾದರು. ಆಗಿನ ಕಂಪ್ಯೂಟರ್ ಪದ್ಧತಿಯಲ್ಲಿ ಐವರು ಜಡ್ಜ್‌ಗಳ ಪೈಕಿ ಮೂವರು ಒಂದು ಸೆಕೆಂಡಿನೊಳಗೆ ಗುಂಡಿ ಒತ್ತಿದರಷ್ಟೇ ಪಾಯಿಂಟ್. ಸಮವಾದರೆ ಐವರೂ ಒಟ್ಟು ಎಷ್ಟು ಸಲ ಒತ್ತಿದ್ದರೆಂದು ಎಣಿಸುತ್ತಿದ್ದರು, ಇದಕ್ಕೆ ಕೌಂಟ್‌ಬ್ಯಾಕ್ ಅನ್ನುತ್ತಾರೆ. ಅದರಲ್ಲಿ ಫೆಡ್‌ಚುಕ್ ಗೆದ್ದರು. ಬಾಕ್ಸಿಂಗ್‌ನಲ್ಲಿ ಭಾರತದ ಮೊದಲ ಒಲಿಂಪಿಕ್ ಪದಕಕ್ಕೆ 2008ರವರೆಗೆ ಕಾಯಬೇಕಾಯಿತು, ಅದು ಬಂದದ್ದು ವಿಜೇಂದರ್ ಮೂಲಕ.

ಮಹಿಳೆಯರಲ್ಲಿ ಕೇರಳದ ಕೆ.ಸಿ. ಲೇಖಾ (75 ಕೆಜಿ) ಮತ್ತು ಮಿಜೋರಂನ ಆರ್.ಎಲ್. ಜೆನ್ನಿ (63 ಕೆಜಿ). 2006ರಲ್ಲಿ ದೆಹಲಿಯಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಭಾರತಕ್ಕೆ ನಾಲ್ಕು ಚಿನ್ನ ಬಂತು. ಮೇರಿ ಕೋಮ್, ಸರಿತಾ ದೇವಿ ಹೆಸರು ನೆನಪಿರುವವರಿಗೆ ಈ ಇಬ್ಬರು ನೆನಪಿಲ್ಲ. 1982ರ ಏಷ್ಯನ್ ಗೇಮ್ಸ್ ಚಿನ್ನದ ಕೌರ್ ಸಿಂಗ್, 1980ರಲ್ಲಿ ದೆಹಲಿಯಲ್ಲಿ ಅಲಿ ಜೊತೆ ಪ್ರದರ್ಶನ ಪಂದ್ಯ ಆಡಿದವರು, ಹನ್ನೊಂದನೇ ಜಾಗವಿದ್ದರೆ ಅವರಿಗೆ.

ಪ್ರಶ್ನೆ: ಎರಡೇ ಸೆಕೆಂಡ್ ಉಳಿದಿರುವಾಗ ಪಂದ್ಯ ನಿಲ್ಲಿಸಿ ಸೋಲಿಸಿದರಲ್ಲ, ಮೆಲ್‌ಡ್ರಿಕ್ ಟೇಲರ್? ಅವರಿಗೆ ಅನ್ಯಾಯ ಆಗಲಿಲ್ಲವೇ?
ಓದುಗರು, ಮಧುಗಿರಿ

ಉತ್ತರ: 1990ರ ಮಾರ್ಚ್ 17, ಹೂಲಿಯೊ ಸೀಸರ್ ಚಾವೆಸ್ ವಿರುದ್ಧ. ಹನ್ನೊಂದು ರೌಂಡ್ ಮುಗಿದಾಗ ಟೇಲರ್ ಇಬ್ಬರು ಜಡ್ಜ್‌ಗಳ ಕಾರ್ಡ್‌ನಲ್ಲಿ 107-102, 108-101ರಿಂದ ಮುಂದಿದ್ದರು. ಕೆಳಗೆ ಬಿದ್ದು ಎದ್ದವರನ್ನು ರೆಫರಿ ರಿಚರ್ಡ್ ಸ್ಟೀಲ್ ಎರಡು ಸಲ ಕೇಳಿದರೂ ಉತ್ತರ ಬರಲಿಲ್ಲ. ಗಡಿಯಾರ ನೋಡುವುದು ರೆಫರಿಯ ಕೆಲಸವಲ್ಲ, ಬಾಕ್ಸರ್‌ನ ಕಣ್ಣು ನೋಡುವುದು ಅವರ ಕೆಲಸ. ಟೇಲರ್ ಪರ ವಾದಿಸುವುದಾದರೆ 1984ರ ಒಲಿಂಪಿಕ್ ಚಿನ್ನ ಮತ್ತು ಎರಡು ತೂಕದ ಪಟ್ಟಗಳನ್ನು ಹಿಡಿದು ವಾದಿಸಿ. ಮರುಕಕ್ಕೆ ಮತ ಹಾಕಬಾರದು.

ಪ್ರಶ್ನೆ: ಇಂಥ ಫೋಟೊಗಳನ್ನು ನಾವೂ ಶಾಲೆಯಲ್ಲಿ ಹಾಕಬೇಕು. ಅಡಿಬರಹದಲ್ಲಿ ಏನೇನಿರಬೇಕು?
ದೈಹಿಕ ಶಿಕ್ಷಕರು, ಗೌರಿಬಿದನೂರು

ಉತ್ತರ: 12 × 18 ಇಂಚಿನ ಪ್ರಿಂಟ್ ಸಾಕು. ಅದಕ್ಕೆ ಕನಿಷ್ಠ 2400 × 3600 ಪಿಕ್ಸೆಲ್ ಚಿತ್ರ ಬೇಕು. ಫೋನಿಗೆ ಬಂದ ಸಣ್ಣ ಚಿತ್ರವನ್ನು ಹಿಗ್ಗಿಸಿದರೆ ಮುಖ ಕದಡುತ್ತದೆ. ಹೊಳಪಿಲ್ಲದ ಲ್ಯಾಮಿನೇಷನ್ ಮಾಡಿಸಿ, ನೇರ ಬಿಸಿಲು ಬೀಳುವ ಗೋಡೆ ಬೇಡ. ಅಡಿಬರಹ ಐದು ಸಾಲು ಮೀರಬಾರದು: ಹೆಸರು ಮತ್ತು ಹುಟ್ಟುಹೆಸರು, ಊರು, ಆಡಿದ ವರ್ಷಗಳು, ತೂಕ, ವರ್ಷ ಸಹಿತ ಎರಡು ದೊಡ್ಡ ಗೆಲುವು. ತೂಕವನ್ನು ಕೆಜಿಯಲ್ಲೇ ಬರೆಯಿರಿ: ಫ್ಲೈವೇಟ್ 50.8, ಫೆದರ್‌ವೇಟ್ 57.2, ಮಿಡ್ಲ್‌ವೇಟ್ 72.6, ಲೈಟ್ ಹೆವಿವೇಟ್ 79.4. ಇವು ವೃತ್ತಿಪರರ ಮಿತಿ. ಅಮೆಚೂರ್ ಮಿತಿಗಳು ಬೇರೆ, ಕಾಲಕಾಲಕ್ಕೆ ಬದಲಾಗಿವೆ; ಆ ವರ್ಷದ ಅಂಕಿಯನ್ನೇ ಹಾಕಿ.

ಹೆಚ್ಚು ತಪ್ಪಾಗುವುದು ಹೆಸರಿನಲ್ಲಿ. ಜೋ ವಾಲ್ಕಾಟ್ ಇಬ್ಬರಿದ್ದಾರೆ: ಒಬ್ಬರು ವೆಲ್ಟರ್‌ವೇಟ್ ‘ಬಾರ್ಬಡೋಸ್’ ಜೋ, ಇನ್ನೊಬ್ಬರು ಹೆವಿವೇಟ್ ‘ಜರ್ಸಿ’ ಜೋ, ಇವರ ನಿಜ ಹೆಸರು ಆರ್ನಾಲ್ಡ್ ಕ್ರೀಮ್. ಜಾಕ್ ಡೆಂಪ್ಸಿಯೂ ಇಬ್ಬರು. ಜಾಕ್ ಚೇಸ್ ಮೊದಲು ‘ಯಂಗ್ ಜೋ ಲೂಯಿ’ ಎಂಬ ಹೆಸರಲ್ಲಿ ಆಡುತ್ತಿದ್ದರು, ಹುಡುಕುವಾಗ ಹೆವಿವೇಟ್ ಚಾಂಪಿಯನ್ ಜೋ ಲೂಯಿ ಅವರ ಚಿತ್ರವೇ ಕೈಗೆ ಸಿಗುವ ಸಂಭವವಿದೆ. ಥಾಯ್ ಬಾಕ್ಸರ್‌ಗಳ ಹೆಸರಿನ ಎರಡನೇ ಭಾಗ ಎಷ್ಟೋ ಸಲ ತರಬೇತಿ ಶಿಬಿರದ್ದೋ ಪ್ರಾಯೋಜಕರದ್ದೋ ಆಗಿರುತ್ತದೆ, ಮನೆತನದ್ದಲ್ಲ. ಪ್ರಿಂಟ್‌ಗೆ ಕೊಡುವ ಮೊದಲು ಚಿತ್ರ, ಹೆಸರು, ತೂಕ, ವರ್ಷ ಈ ನಾಲ್ಕೂ ಒಬ್ಬರವೇ ಎಂದು ಎರಡು ಬೇರೆ ಬೇರೆ ಕಡೆ ತಾಳೆ ನೋಡಿ.