ಫಸ್ಟ್ ಡೌನ್ ಆದ್ರೂ ಗಡಿಯಾರ ನಿಲ್ಲದಿದ್ದರೆ

ಅಮೆರಿಕದ ಕಾಲೇಜು ಫುಟ್‌ಬಾಲ್ ಪಂದ್ಯದಲ್ಲಿ ಫಸ್ಟ್ ಡೌನ್ (ನಾಲ್ಕು ಪ್ರಯತ್ನದೊಳಗೆ 10 ಗಜ ಸಾಗಿ ಹೊಸದಾಗಿ ನಾಲ್ಕು ಪ್ರಯತ್ನ ಗಳಿಸುವುದು) ಆದಾಗ, ಮೂರನೇ ಕ್ವಾರ್ಟರ್‌ನಲ್ಲಿ ಓಡುತ್ತಲೇ ಇದ್ದ ಗಡಿಯಾರ ಕೊನೆಯಲ್ಲಿ ಮಾತ್ರ ನಿಂತಿದ್ದು ರೆಫರಿಯ ತಪ್ಪಲ್ಲ, ಕಾಲೇಜು ಕ್ರೀಡೆಗಳ ಸಂಸ್ಥೆ ಎನ್‌ಸಿಎಎಯ 2023ರ ನಿಯಮ. ಈಗ ಫಸ್ಟ್ ಡೌನ್‌ಗೆ ಗಡಿಯಾರ ನಿಲ್ಲುವುದು ಪ್ರತಿ ಅರ್ಧದ ಕೊನೆಯ 2 ನಿಮಿಷದಲ್ಲಷ್ಟೇ. ಪಾಸ್ ಕೈತಪ್ಪಿದರೆ ಎಂದಿನಂತೆ ಯಾವಾಗಲೂ ನಿಲ್ಲುತ್ತೆ.

ಮುಂದಿರುವ ತಂಡ ಪಂದ್ಯ ಮುಗಿಸಬಲ್ಲದೇ ಅಂತ ಲೆಕ್ಕ ಹಾಕೋಕೆ ಮೊದಲು ಉಳಿದ ಸಮಯ ನೋಡಿ, ಆಮೇಲೆ ಎದುರಾಳಿಯ ಬಳಿ ಉಳಿದ ಟೈಮ್‌ಔಟ್ (ಗಡಿಯಾರ ನಿಲ್ಲಿಸುವ ವಿರಾಮ) ಎಣಿಸಿ. ಒಂದೂ ಇಲ್ಲದಿದ್ದರೆ, ಚೆಂಡು ಹಿಡಿದವನು ಆಟ ಮುಂದುವರಿಸದೆ ಮೂರು ಸಲ ಮಂಡಿಯೂರಿ, ಪ್ರತಿ ಸಲ ಪ್ಲೇ ಕ್ಲಾಕ್‌ನ (ಮುಂದಿನ ಆಟ ಶುರುಮಾಡಲು ಸಿಗುವ ಸಮಯದ) 40 ಸೆಕೆಂಡ್ ಸವೆಸಿದರೆ ಹೆಚ್ಚುಕಡಿಮೆ 2 ನಿಮಿಷ ಖಾಲಿ. ಉಳಿದಿರುವ ಒಂದೊಂದು ಟೈಮ್‌ಔಟ್‌ಗೂ ಅದರಿಂದ ಸುಮಾರು 40 ಸೆಕೆಂಡ್ ಕಳೆಯಿರಿ. 2024ರಿಂದ ಪ್ರತಿ ಅರ್ಧದಲ್ಲಿ 2 ನಿಮಿಷ ಉಳಿದಾಗ ಕಡ್ಡಾಯ ವಿರಾಮವೂ ಇದೆ. ಹಿಂದಿರುವ ತಂಡಕ್ಕೆ ಅದು ಪುಕ್ಕಟೆ ಟೈಮ್‌ಔಟ್ ಇದ್ದಂತೆ. ನೀವು ನೋಡಿದ್ದು 2022 ಅಥವಾ ಅದಕ್ಕೂ ಹಿಂದಿನ ರೆಕಾರ್ಡಿಂಗ್ ಆಗಿದ್ದರೆ ಈ ಎರಡೂ ಬದಲಾವಣೆ ಲೆಕ್ಕಕ್ಕಿಲ್ಲ.