ಕಡಿದಾದ ಗುಡ್ಡ ನಿಂತಿದೆ, ಮನೆ ಹಿಂದಿನ ಧರೆ ಜರಿಯುತ್ತಿದೆ, ಏಕೆ?

ಪ್ರಶ್ನೆ: ಮೂಡಿಗೆರೆ ತಾಲ್ಲೂಕಿನಲ್ಲಿ ನಮ್ಮ ಕಾಫಿ ತೋಟವಿದೆ. ಎದುರಿನ ಗುಡ್ಡ ತೀರಾ ಕಡಿದಾಗಿದ್ದರೂ ಅಲ್ಲಿ ಮಣ್ಣು ಕುಸಿದದ್ದಿಲ್ಲ. ನಮ್ಮ ಮನೆಯ ಹಿಂದಿನ ಧರೆ (ಗುಡ್ಡ ಕಡಿದಲ್ಲಿ ಉಳಿದ ಮಣ್ಣಿನ ಗೋಡೆ) ಮಾತ್ರ ಪ್ರತಿ ಮಳೆಗಾಲದಲ್ಲೂ ಜರಿಯುತ್ತದೆ. ನಮ್ಮದು ಅಂಟಾದ ಜೇಡಿಮಣ್ಣು. ಅದು ಗಟ್ಟಿಯಾಗಿ ನಿಲ್ಲಬೇಕಲ್ಲವೇ?

ಉತ್ತರ: ಒಣಗಿರುವಾಗ ಜೇಡಿಮಣ್ಣು ಗಟ್ಟಿಯೇ, ಬೇಸಿಗೆಯಲ್ಲಿ ಕಡಿದ ಧರೆ ನೆಟ್ಟಗೆ ನಿಲ್ಲುವುದು ಅದರ ಅಂಟಿನಿಂದಲೇ. ಮರಳು ಮಣ್ಣಿನಲ್ಲಿ ಕಣಗಳ ನಡುವಿನ ಸಂದು ದೊಡ್ಡದಾಗಿರುವುದರಿಂದ ನೀರು ಬೇಗ ಬಸಿದುಹೋಗುತ್ತದೆ. ಜೇಡಿಯ ಕಣಗಳಾದರೋ 0.002 ಮಿಲಿಮೀಟರಿಗಿಂತ ಸಣ್ಣವು. ಪುನರ್ವಸು, ಪುಷ್ಯ ಮಳೆಗಳು ಬಿಡದೆ ಹೊಡೆದಾಗ ಒಳಸೇರಿದ ನೀರು ಹೊರಬರಲಾಗದೆ ಅಲ್ಲೇ ನಿಂತು, ಕಣಗಳ ನಡುವಿನ ಹಿಡಿತವನ್ನೇ ಸಡಿಲಿಸುವಷ್ಟು ಒತ್ತಡ ಹಾಕುತ್ತದೆ. ಮೇಲೆ ನೀರಿಳಿಯುವ ಸಡಿಲ ಮಣ್ಣು, ಅದರಡಿಯಲ್ಲಿ ನೀರಿಳಿಯದ ಜೇಡಿ ಅಥವಾ ಬಂಡೆ ಇದ್ದಲ್ಲಿ ಅಪಾಯ ಇನ್ನೂ ಹೆಚ್ಚು.

ಇಳಿಜಾರು 15 ಡಿಗ್ರಿ ಇದ್ದರೆ ಮಣ್ಣಿನ ತೂಕದ ಸುಮಾರು ಕಾಲು ಪಾಲು ಅದನ್ನು ಕೆಳಕ್ಕೆ ಎಳೆಯುತ್ತದೆ, 30 ಡಿಗ್ರಿಯಲ್ಲಿ ಅರ್ಧ, 45ರಲ್ಲಿ ಶೇ 70ರಷ್ಟು. ಹಾಗೆಂದು ಅತಿ ಕಡಿದಾದ ಗುಡ್ಡವೇ ಮೊದಲು ಜರಿಯಬೇಕೆಂದಿಲ್ಲ, ಏಕೆಂದರೆ ಅಂಥಲ್ಲಿ ದಪ್ಪನೆಯ ಮಣ್ಣು ಉಳಿಯುವುದೇ ಇಲ್ಲ. ನಿಮ್ಮ ಎದುರಿನ ಗುಡ್ಡದಲ್ಲಿ ಬಹುಶಃ ತೆಳುವಾದ ಮಣ್ಣಿನಡಿ ಬಂಡೆಯೇ ಇದೆ. ನಿಮ್ಮ ಕಡೆ ಇಳಿಜಾರು ಕಡಿಮೆ ಇದ್ದರೂ ಮಣ್ಣು ಆಳವಾಗಿದೆ, ಅದಕ್ಕಿಂತ ಮುಖ್ಯವಾಗಿ, ಮನೆಗೆಂದು ಗುಡ್ಡ ಕಡಿದಾಗ ಆ ಇಳಿಜಾರು ನೆಟ್ಟಗಾಗಿದೆ. 2024ರ ಜುಲೈನಲ್ಲಿ ಸಕಲೇಶಪುರದ ದೊಡ್ಡತಪ್ಪಲೆ ಬಳಿ ಹೆದ್ದಾರಿಗೆ ಮಣ್ಣು ಕುಸಿದದ್ದೂ ಕಡಿದ ಗುಡ್ಡದಿಂದಲೇ.

ಧರೆಯ ಬೇರೆ ಬೇರೆ ಎತ್ತರದಿಂದ ಒಂದೊಂದು ಹಿಡಿ ಮಣ್ಣು ತೆಗೆದು, ನೀರು ಹಾಕಿ ಕಲಸಿ ನೋಡಿ. ಬೆರಳಿಗೆ ತರಿತರಿಯಾಗಿ ತಾಗಿದರೆ ಮರಳು, ಹಿಟ್ಟಿನಂತೆ ನುಣುಪಾಗಿದ್ದು ಉಂಡೆ ಬೇಗ ಒಡೆದರೆ ಗೋಡು, ಉದ್ದನೆಯ ಬತ್ತಿಯಾಗಿ ಹೊಸೆಯಲು ಬಂದರೆ ಜೇಡಿ. ಮೇಲೆ ತರಿ, ಕೆಳಗೆ ಜೇಡಿ ಸಿಕ್ಕರೆ ಆ ಎರಡೂ ಕೂಡುವ ಮಟ್ಟದಲ್ಲಿ ನೀರು ಜಿನುಗುತ್ತದೆಯೇ ಎಂದು ಗಮನಿಸಿ.

ಧರೆಯ ನೆತ್ತಿಯಿಂದ ಹಿಂದೆ ಬಸಿಗಾಲುವೆ ತೆಗೆದು ನೀರನ್ನು ಪಕ್ಕಕ್ಕೆ ಹರಿಸಿ. ಮನೆಯ ಮೇಲ್ಭಾಗದ ಕಾಫಿ ಸಾಲುಗಳಲ್ಲಿ ನೀರು ಇಂಗಿಸುವ ತೊಟ್ಟಿಲು ಗುಂಡಿಗಳಿದ್ದರೆ ಮುಚ್ಚಿಸಿ. ಜರಿದ ಮಣ್ಣನ್ನು ಮಳೆಗಾಲದಲ್ಲಿ ಬುಡದಿಂದ ಬಾಚಿ ತೆಗೆಯುವ ರೂಢಿ ನಮ್ಮಲ್ಲಿದೆ, ಅದನ್ನು ದಯವಿಟ್ಟು ಬಿಡಿ: ಧರೆಗೆ ಆಗ ಆಸರೆಯಾಗಿರುವುದು ಆ ಮಣ್ಣೇ. ನೆತ್ತಿಯಲ್ಲಿ ಬಿರುಕು ಮೂಡಿದರೆ, ಸಿಲ್ವರ್ ಓಕ್ ಮರಗಳು ಹೊಸದಾಗಿ ವಾಲಿದರೆ, ಇಲ್ಲವೇ ಬುಡದಲ್ಲಿ ಎದ್ದ ಜಲ (ಒರತೆ) ಕೆಂಪಗೆ ಕದಡಿದರೆ ಅಂದೇ ಮನೆ ಬಿಟ್ಟು ಬೇರೆಡೆಗೆ ಹೋಗಿ.